ವಯಸ್ಸಿನ ಗ್ರಾಫು: ಮೂರನೇ ವಾರ

ಹೋದ ವಾರ 2011ರ ಜನಗಣತಿಯ ಕರ್ನಾಟಕದ ಅಂಕಿಗಳನ್ನು ಐದೈದು ವರ್ಷದ ಗುಂಪು ಮಾಡಿ ಕಂಬ ನಿಲ್ಲಿಸಿದ್ದೆ. ನೋಡೋಕೆ ಚೆನ್ನಾಗಿತ್ತು. ಈ ವಾರ ಗುಂಪು ಬಿಡಿಸಿ, ಒಂದೊಂದು ವಯಸ್ಸಿಗೂ ಒಂದು ಚುಕ್ಕಿ ಇಟ್ಟು ಗೆರೆ ಎಳೆದೆ. ಇದಕ್ಕೆ ಬೇಕಾದ ಅಂಕಿಗಳು ಜನಗಣತಿಯ ಸಿ-13 ಪಟ್ಟಿಯಲ್ಲಿವೆ.

ಗೆರೆ ಗರಗಸದ ಹಲ್ಲಿನ ಹಾಗೆ ಬಂತು. 30ಕ್ಕೆ ಏರುತ್ತೆ, 31ಕ್ಕೆ ದಬಕ್ಕನೆ ಬೀಳುತ್ತೆ. ಮತ್ತೆ 35, 40, 45, 50. 60ರ ಹತ್ತಿರವಂತೂ ಅಕ್ಕಪಕ್ಕದ 59, 61 ಎರಡೂ ಹಳ್ಳ, ನಡುವೆ ಒಂದು ಗುಡ್ಡ.

ಸಾಲು ಎಲ್ಲೋ ಜರುಗಿದೆ ಅಂದುಕೊಂಡು ಒಂದು ಗಂಟೆ ಹುಡುಕಿದೆ. ವಯಸ್ಸು ಹೇಳದವರ ಸಾಲನ್ನೂ ಸೇರಿಸಿ ಕೂಡಿದೆ. 6,10,95,297 ಬರಬೇಕು, ಬಂತು. ಅಂಕಿ ಸರಿಯಾಗಿಯೇ ಇದೆ. ಹಾಗಾದರೆ 60 ವರ್ಷದವರು ಮಾತ್ರ ಅಷ್ಟು ಜನ ಹೇಗಿರ್ತಾರೆ?

ಉತ್ತರ ಮನೆಯಲ್ಲೇ ಸಿಕ್ಕಿತು. ಅಜ್ಜಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. "ಅಜ್ಜಿ, ಆಗ ಗಣತಿಯವರು ಬಂದಾಗ ವಯಸ್ಸು ಎಷ್ಟು ಅಂದೆ?" ಅಂತ ಕೇಳಿದೆ.

"ಅರವತ್ತು ಅಂದೆ ಕಣಪ್ಪ. ಬರ್ಕೊಂಡು ಹೋದ್ರು."

"ನೀನು ಹುಟ್ಟಿದ್ದು ಯಾವಾಗ?"

"ಗಾಂಧಿ ಸತ್ತ ವರ್ಷ. ನಮ್ಮವ್ವ ಹೇಳ್ತಿದ್ಲು."

ಗಾಂಧೀಜಿ ಹತ್ಯೆಯಾದದ್ದು 1948ರಲ್ಲಿ. ಅಂದರೆ 2011ರಲ್ಲಿ ಅಜ್ಜಿಗೆ 62 ಇಲ್ಲವೇ 63. ನನ್ನ ಗ್ರಾಫಿನ 60ರ ಗುಡ್ಡದ ಮೇಲೆ ನಮ್ಮಜ್ಜಿಯೂ ಕೂತಿದ್ದಾರೆ! ಇದು ತಿಳಿದ ಮೇಲೆ ಆ ಗೆರೆಯನ್ನು ನೋಡುವ ರೀತಿಯೇ ಬದಲಾಯಿತು. ಹುಟ್ಟಿದ ದಿನ ಬರೆದಿಡುವವರು ಇಲ್ಲದ ಮನೆಗಳಲ್ಲಿ ಬೆಳೆದವರು ಸುಮ್ನೆ ಹತ್ತಿರದ ದುಂಡು ಸಂಖ್ಯೆ ಹೇಳಿದ್ದಾರೆ, ಅಷ್ಟೇ. ಅದು ಸುಳ್ಳಲ್ಲ.

ಇದನ್ನು ಅಳೆಯಲು ವಿಪಲ್ ಸೂಚ್ಯಂಕ ಅಂತ ಇದೆ. ಲೆಕ್ಕ ಸುಲಭ. 23ರಿಂದ 62ರವರೆಗೆ ನಲವತ್ತು ವಯಸ್ಸುಗಳು. ಅದರಲ್ಲಿ 0 ಅಥವಾ 5ರಲ್ಲಿ ಮುಗಿಯುವವು ಎಂಟು, ಅಂದರೆ ಐದರಲ್ಲಿ ಒಂದು ಪಾಲು. ಆ ಎಂಟು ವಯಸ್ಸಿನ ಜನರನ್ನು ಕೂಡಿ, ಐದರಿಂದ ಗುಣಿಸಿ, ನಲವತ್ತೂ ವಯಸ್ಸಿನ ಒಟ್ಟು ಜನರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಎಲ್ಲರೂ ಸರಿಯಾಗಿ ಹೇಳಿದ್ದರೆ 100ರ ಆಸುಪಾಸು ಬರುತ್ತೆ. ಎಲ್ಲರೂ ದುಂಡು ಸಂಖ್ಯೆಯನ್ನೇ ಹೇಳಿದ್ದರೆ 500. ವಿಶ್ವಸಂಸ್ಥೆಯ ಅಳತೆಯಲ್ಲಿ 105ರ ಒಳಗಿದ್ದರೆ ಬಹಳ ನಿಖರ, 175 ದಾಟಿದರೆ ತೀರಾ ಒರಟು.

ಹೋದ ವಾರದ ಕಂಬಗಳ ಬಗ್ಗೆ ಈಗ ಸಮಾಧಾನವಿಲ್ಲ. 40–44 ಅಂತ ಗುಂಪು ಮಾಡಿದಾಗ, 38, 39 ಆಗಿದ್ದೂ 40 ಅಂದವರೆಲ್ಲ ಆ ಕಂಬಕ್ಕೆ ಬಂದು ಸೇರಿಬಿಡುತ್ತಾರೆ. ಪಕ್ಕದ 35–39ರ ಕಂಬ ಅಷ್ಟು ಕುಗ್ಗುತ್ತೆ. 38–42 ಅಂತ ತೆಗೆದುಕೊಂಡರೆ 40 ನಡುವೆ ಬರುತ್ತೆ, ಎರಡೂ ಕಡೆಯಿಂದ ಬಂದವರು ಬಹುಪಾಲು ತಮ್ಮ ಗುಂಪಿನಲ್ಲೇ ಉಳಿಯುತ್ತಾರೆ. ಹಾಗೆ ಮತ್ತೆ ಬರೆದೆ. ಹೊಸ ಚಿತ್ರದ ಮೇಲೆ ತೆಳುವಾಗಿ ಗರಗಸದ ಗೆರೆಯನ್ನೂ ಇಟ್ಟಿದ್ದೇನೆ. ಅದನ್ನು ಅಳಿಸಲು ಮನಸ್ಸಾಗಲಿಲ್ಲ.

ಮುಂದಿನ ವಾರ ಗಂಡಸರ, ಹೆಂಗಸರ ಗೆರೆಗಳನ್ನು ಬೇರೆ ಬೇರೆ ಎಳೆಯಬೇಕು. 2011ರಲ್ಲಿ ರಾಜ್ಯದ ಗಂಡಸರ ಸಾಕ್ಷರತೆ ಶೇ. 82.47, ಹೆಂಗಸರದು ಶೇ. 68.08. ಹೆಂಗಸರ ಗೆರೆಯಲ್ಲೇ ಹಲ್ಲು ಜಾಸ್ತಿ ಚೂಪಾಗಿರಬೇಕು ಅಲ್ವಾ? ಎರಡಕ್ಕೂ ಒಂದೇ ಅಳತೆಯ ಅಕ್ಷ ಇಟ್ಟು ನೋಡುತ್ತೇನೆ.