ಕಾಂಕ್ರೀಟಿನಂತೆ ಕಾಣುವ ಇಟ್ಟಿಗೆ ಗೋಪುರ

ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ ಸೂರ್ಯನನ್ನು ಗಮನಿಸಲು ಕಟ್ಟಿದ ಐನ್‌ಸ್ಟೈನ್ ಗೋಪುರದ ಫೋಟೊ ನೋಡಿದವರು ಅದನ್ನು ಕಾಂಕ್ರೀಟಿನ ಎರಕ ಎಂದೇ ತಿಳಿಯುತ್ತಾರೆ. ವಾಸ್ತುಶಿಲ್ಪಿ ಎರಿಕ್ ಮೆಂಡೆಲ್ಸನ್‌ಗೆ (1887–1953) ಬೇಕಿದ್ದದ್ದೂ ಅದೇ. ಆದರೆ ಸುಮಾರು 20 ಮೀಟರ್ ಎತ್ತರದ ಆ ಕಟ್ಟಡದ ಬಹುಭಾಗ ಇಟ್ಟಿಗೆಯದು. ಹೊರಮೈಗೆ ಗಾರೆ ಮೆತ್ತಿದ್ದಾರೆ, ಅಲ್ಲಲ್ಲಿ ಮಾತ್ರ ಕಾಂಕ್ರೀಟ್ ಇದೆ.

1920ರಲ್ಲಿ ಕೆಲಸ ಶುರುವಾದಾಗ ತೊಡಕಾದದ್ದು ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಎರೆಯಲು ಕಟ್ಟುವ ಹಲಗೆಯ ಅಚ್ಚು. ಚಪ್ಪಟೆ ಗೋಡೆಗಾದರೆ ನೇರ ಹಲಗೆ ಸಾಕು. ಎರಡೂ ದಿಕ್ಕಿಗೆ ಬಾಗುವ ಗೋಡೆಗೆ ದೋಣಿ ಕಟ್ಟುವವರ ಹಾಗೆ ಒಂದೊಂದು ಹಲಗೆಯನ್ನೂ ಬಾಗಿಸಿ ಕೂರಿಸಬೇಕು. ಮೊದಲ ಮಹಾಯುದ್ಧ ಮುಗಿದ ಹೊಸತು, ಸಾಮಗ್ರಿಗೂ ಬರ. ಹಾಗಾಗಿ ಇಟ್ಟಿಗೆಗೆ ಮೊರೆಹೋದರು.

ಒಳಗಿನ ಏರ್ಪಾಡು ಮಾತ್ರ ಅಚ್ಚುಕಟ್ಟು. ಗುಮ್ಮಟದಲ್ಲಿರುವ ಎರಡು ಕನ್ನಡಿಗಳು ಸೂರ್ಯನ ಬೆಳಕನ್ನು ನೇರ ಕೆಳಕ್ಕೆ ತಿರುಗಿಸುತ್ತವೆ. 60 ಸೆಂ.ಮೀ. ವ್ಯಾಸದ, 14 ಮೀಟರ್ ನಾಭಿದೂರದ ಮಸೂರ ಅದನ್ನು ಕೂಡಿಸಿ ಸೂರ್ಯನ ಬಿಂಬ ಮೂಡಿಸುತ್ತದೆ. ಬುಡದಲ್ಲಿ ಇನ್ನೊಂದು ಕನ್ನಡಿ ಆ ಬೆಳಕನ್ನು ಅಡ್ಡಕ್ಕೆ ಹೊರಳಿಸಿ ರೋಹಿತ (ಬೆಳಕು ಬಿಡಿಬಣ್ಣಗಳಾಗಿ ಹರಡಿದ ಪಟ್ಟಿ) ಅಳೆಯುವ ಕೋಣೆಗೆ ಕಳಿಸುತ್ತದೆ. ಉಷ್ಣಾಂಶ ಏರಿಳಿಯಬಾರದೆಂದು ಆ ಕೋಣೆಯನ್ನು ಮಣ್ಣಿನಡಿ ಇಟ್ಟಿದ್ದಾರೆ. ಉಪಕರಣಗಳ ಭಾರ ಹೊರುವ ಚೌಕಟ್ಟು ಹೊರಗೋಡೆಗೆ ತಾಗುವುದಿಲ್ಲ. ಗಾಳಿಗೆ ಗೋಡೆ ಅದುರಿದರೂ ಬಿಂಬ ಅಲುಗದು.

ಖಗೋಳಜ್ಞ ಎರ್ವಿನ್ ಫ್ರಾಯಿಂಡ್ಲಿಖ್ ಇಲ್ಲಿ ಹುಡುಕಿದ್ದು ಐನ್‌ಸ್ಟೈನ್ ಮುನ್ನುಡಿದ, ಗುರುತ್ವದಿಂದಾಗುವ ಕೆಂಪು ಪಲ್ಲಟವನ್ನು, ಅಂದರೆ ಸೂರ್ಯನ ಸೆಳೆತದಿಂದ ರೋಹಿತದ ಗೆರೆಗಳು ಕೆಂಪಿನ ಕಡೆಗೆ ಸರಿಯುವುದನ್ನು. ಅದರ ಪ್ರಮಾಣ ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು. ಸೂರ್ಯನ ಮೇಲ್ಮೈಯ ಅನಿಲ ಕುದಿಯುತ್ತ ಏರಿಳಿಯುವುದರಿಂದ ರೋಹಿತದ ಗೆರೆಗಳು ಅಷ್ಟೇ ಮಟ್ಟಿಗೆ ಸರಿಯುತ್ತವೆ, ಹಾಗಾಗಿ ಫಲಿತಾಂಶ ಸ್ಪಷ್ಟವಾಗಲಿಲ್ಲ.

ಕಟ್ಟಡದ ತೊಂದರೆಯೂ ಬೇಗನೆ ಹೊರಬಿತ್ತು. ಬಿಸಿಲು, ಚಳಿಗೆ ಇಟ್ಟಿಗೆ ಹಿಗ್ಗಿ ಕುಗ್ಗುವ ಲೆಕ್ಕ ಬೇರೆ, ಕಾಂಕ್ರೀಟಿನ ಲೆಕ್ಕ ಬೇರೆ. ಇವು ಸೇರುವ ಕಡೆ ಗಾರೆ ಬಿರುಕು ಬಿಡುತ್ತದೆ, ಬಿರುಕಿಗೆ ನೀರಿಳಿಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಗಾರೆಯನ್ನೇ ಎಬ್ಬಿಸುತ್ತದೆ. ಮಳೆನೀರನ್ನು ಗೋಡೆಯಿಂದಾಚೆ ಚೆಲ್ಲುವ ಸಜ್ಜಾ ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ. ಆದರೆ ಸಜ್ಜಾ ಬಂದರೆ ಗೋಡೆಯ ಆ ಬಾಗಿ ಹರಿಯುವ ರೂಪವೇ ಹೋಯಿತಲ್ಲ! 1920ರ ದಶಕ ಮುಗಿಯುವ ಮೊದಲೇ ರಿಪೇರಿ ಬೇಕಾಯಿತು. 1997–99ರಲ್ಲಿ ದೊಡ್ಡ ದುರಸ್ತಿ, 2021ರಿಂದ 2023ರವರೆಗೆ ಮತ್ತೊಮ್ಮೆ.

ನನ್ನ ಮಟ್ಟಿಗೆ ಮೆಂಡೆಲ್ಸನ್‌ನ ಜಾಣ್ಮೆ ಹೆಚ್ಚು ಕಾಣುವುದು ಜರ್ಮನಿಯದೇ ಊರಾದ ಲುಕೆನ್‌ವಾಲ್ಡೆಯ ಟೋಪಿ ಕಾರ್ಖಾನೆಯಲ್ಲಿ (1921–23). ಬಣ್ಣ ಹಾಕುವ ಶೆಡ್ಡಿನ ಮೇಲೆ ಟೋಪಿಯಂತೆ ಎದ್ದಿರುವ ಎತ್ತರದ ಮಾಡು ಬರೀ ಅಲಂಕಾರವಲ್ಲ. ತೊಟ್ಟಿಗಳಿಂದೇಳುವ ವಿಷದ ಹಬೆ ಅದರೊಳಗೆ ತಾನಾಗಿ ಮೇಲೇರಿ, ಕೆಲಸಗಾರರ ಮೂಗಿಗೆ ಬಡಿಯದೆ ಹೊರಹೋಗುತ್ತಿತ್ತು.