ಫೆರರ್‌ನ ಮೂರನೇ ರ್‍ಯಾಂಕು

31 ಮಾರ್ಚ್ 2024, ಭಾನುವಾರ

ಇನ್ನು ಕೆಲವೇ ಗಂಟೆಗಳಲ್ಲಿ ಮಯಾಮಿ ಟೆನಿಸ್ ಟೂರ್ನಿಯ ಫೈನಲ್. ಸಿನ್ನರ್ ಎದುರು ಡಿಮಿಟ್ರೊವ್. "ಡಿಮಿಟ್ರೊವ್ 2017ರಲ್ಲಿ ಮೂರನೇ ರ್‍ಯಾಂಕಿಗೆ ಏರಿದ್ದ. ಆದರೆ ಇವತ್ತಿನವರೆಗೂ ಒಂದು ಸ್ಲಾಮ್ ಫೈನಲ್ ಕಂಡಿಲ್ಲ" ಅಂದ ತಮ್ಮ. ಅಷ್ಟು ಸಾಕಾಯಿತು. ನಮ್ಮಿಬ್ಬರ ಟೆನಿಸ್ ಮಾತು ಎಲ್ಲಿ ಶುರುವಾದರೂ ಕೊನೆಗೆ ಸ್ಪೇನ್‌ನ ಆಟಗಾರ ಡೇವಿಡ್ ಫೆರರ್ ಹತ್ತಿರವೇ ಬಂದು ನಿಲ್ಲುತ್ತದೆ. ಇವತ್ತಿನ ತಾರೀಖೂ ಅಂಥದ್ದೇ. 2013ರ ಮಾರ್ಚ್ 31ರಂದು ಇದೇ ಟೂರ್ನಿಯ ಫೈನಲ್‌ನಲ್ಲಿ ಫೆರರ್ ಸೋತಿದ್ದ. ಸರಿಯಾಗಿ ಹನ್ನೊಂದು ವರ್ಷ.

ತಮ್ಮನ ಲೆಕ್ಕ ಸೀದಾ. ಸ್ಲಾಮ್, ಅಂದರೆ ಆಸ್ಟ್ರೇಲಿಯನ್, ಫ್ರೆಂಚ್, ವಿಂಬಲ್ಡನ್, ಅಮೆರಿಕ ಓಪನ್ ಎಂಬ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದನ್ನು ಗೆದ್ದವರದು ಒಂದು ಸಾಲು, ಗೆಲ್ಲದವರದು ಇನ್ನೊಂದು. "ಅಕ್ಕಾ, ಜೊಹಾನ್ಸನ್ 2002ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದ. ಗೌಡಿಯೊ 2004ರಲ್ಲಿ ಫ್ರೆಂಚ್ ಓಪನ್ ಗೆದ್ದ. ಇಬ್ಬರ ಹೆಸರೂ ದಾಖಲೆಯಲ್ಲಿ ಇದ್ದೇ ಇರುತ್ತೆ. ನಿನ್ನ ಫೆರರ್ ಹೆಸರು ಎಲ್ಲಿದೆ ತೋರಿಸು" ಅನ್ನುತ್ತಾನೆ.

ತೋರಿಸಲು ನನ್ನ ಹತ್ತಿರ ಬೇಕಾದಷ್ಟಿದೆ. 27 ಸಿಂಗಲ್ಸ್ ಪ್ರಶಸ್ತಿ. 2012ರಲ್ಲಿ ಒಂದೇ ವರ್ಷಕ್ಕೆ ಏಳು ಪ್ರಶಸ್ತಿ, ಆ ವರ್ಷ ಅಷ್ಟು ಗೆದ್ದವರು ಬೇರೆ ಯಾರೂ ಇಲ್ಲ, ಜೊಕೊವಿಚ್ ಮತ್ತು ಫೆಡರರ್ ಸೇರಿದಂತೆ. ದೇಶ-ದೇಶಗಳ ತಂಡಗಳು ಆಡುವ ಡೇವಿಸ್ ಕಪ್ ಅನ್ನು ಸ್ಪೇನ್ ಗೆದ್ದ 2008, 2009, 2011ರ ಮೂರೂ ತಂಡಗಳಲ್ಲಿ ಅವನಿದ್ದ. ಏಳು ಸಲ ವರ್ಷದ ಕೊನೆಗೆ ಮೊದಲ ಹತ್ತರೊಳಗೆ ಇದ್ದ. ಎತ್ತರ ಬರೀ 175 ಸೆಂಟಿಮೀಟರ್. ಸರ್ವ್‌ನಲ್ಲಿ ಪುಕ್ಕಟೆ ಪಾಯಿಂಟು ಸಿಗುವ ಮೈಕಟ್ಟಲ್ಲ ಅದು. ಪ್ರತಿ ಪಾಯಿಂಟಿಗೂ ಓಡಬೇಕು, ಓಡಿದ.

ಆದರೆ ನಾನು ಹೆಚ್ಚು ಹೊತ್ತು ಜಗಳ ಆಡಿದ್ದು ಆ ಮೂರನೇ ರ್‍ಯಾಂಕಿನ ಬಗ್ಗೆಯೇ.

ಅವನು ಮೂರಕ್ಕೆ ಬಂದದ್ದು 2013ರ ಜುಲೈ 8ರಂದು, ವಿಂಬಲ್ಡನ್ ಮುಗಿದ ಮರುದಿನ. ಹಿಂದಿನ ವರ್ಷ ಅಲ್ಲಿ ಕ್ವಾರ್ಟರ್‌ಫೈನಲ್‌ನಲ್ಲಿ ಸೋತಿದ್ದ, ಆ ವರ್ಷವೂ ಕ್ವಾರ್ಟರ್‌ನಲ್ಲೇ ಸೋತ. ಹಿಂದಿನ ವರ್ಷದ ಚಾಂಪಿಯನ್ ಫೆಡರರ್ ಎರಡನೇ ಸುತ್ತಿನಲ್ಲೇ ಸ್ತಖೋವ್‌ಸ್ಕಿಗೆ ಸೋತು ಕೆಳಗಿಳಿದಿದ್ದ. "ಅವನು ಇಳಿದ, ಇವನು ಹತ್ತಿದ, ಅಷ್ಟೇ ತಾನೇ" ಅಂದ ತಮ್ಮ.

ಅಷ್ಟೇ ಅಲ್ಲ. ರ್‍ಯಾಂಕಿಂಗ್ ಅಂದರೆ 52 ವಾರಗಳ ಲೆಕ್ಕ. ಹೋದ ವರ್ಷ ಇದೇ ವಾರ ಗಳಿಸಿದ ಅಂಕ ಉದುರಿಹೋಗುತ್ತದೆ, ಈ ವರ್ಷ ಗಳಿಸಿದ್ದು ಸೇರುತ್ತದೆ. ಅದರ ವಿಚಿತ್ರ ನೋಡಬೇಕಾದರೆ ಅದಕ್ಕೂ ಒಂದು ತಿಂಗಳು ಹಿಂದಿನ ಫ್ರೆಂಚ್ ಓಪನ್ ಫೈನಲ್ ನೋಡಬೇಕು. ನಡಾಲ್ 6-3, 6-2, 6-3ರಲ್ಲಿ ಫೆರರ್‌ನನ್ನು ಸೋಲಿಸಿದ. ಮರುದಿನ ಪಟ್ಟಿ ಬಂದಾಗ ಸೋತ ಫೆರರ್ ಐದರಿಂದ ನಾಲ್ಕಕ್ಕೆ ಏರಿದ್ದ, ಗೆದ್ದ ನಡಾಲ್ ನಾಲ್ಕರಿಂದ ಐದಕ್ಕೆ ಇಳಿದಿದ್ದ! ನಡಾಲ್ ಹಿಂದಿನ ವರ್ಷವೂ ಗೆದ್ದಿದ್ದರಿಂದ 2000 ಹೋಗಿ 2000 ಬಂತು, ಕೂಡಿದ್ದೇನೂ ಇಲ್ಲ. ಫೆರರ್‌ಗೆ ಹಿಂದಿನ ವರ್ಷದ ಸೆಮಿಫೈನಲ್‌ನ 720 ಹೋಗಿ ಫೈನಲ್‌ನ 1200 ಬಂತು. ಅಂದು ಅದನ್ನು ನೋಡಿದವರೆಲ್ಲ ರ್‍ಯಾಂಕಿಂಗೇ ಸುಳ್ಳು ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಯಾರು ಶ್ರೇಷ್ಠ ಅಂತ ಆ ಪಟ್ಟಿ ಹೇಳುವುದೇ ಇಲ್ಲ. ವರ್ಷವಿಡೀ ಯಾರು ಬಂದರು, ಬಂದು ಎಷ್ಟನೇ ಸುತ್ತಿನವರೆಗೆ ನಿಂತರು ಅಂತ ಹೇಳುತ್ತದೆ. ಮೊಣಕಾಲು ನೋವಿನಿಂದ ನಡಾಲ್ ಏಳು ತಿಂಗಳು ಆಡಿರಲಿಲ್ಲ. ಫೆರರ್ ಆಡುತ್ತಲೇ ಇದ್ದ. 2013 ಮುಗಿದಾಗಲೂ ಅವನು ಮೂರರಲ್ಲೇ ಇದ್ದ. ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಮರ್ರೆ ವರ್ಷದ ಕೊನೆಗೆ ಆಡಲಿಲ್ಲ ಅನ್ನುವುದೂ ನಿಜ, ಅದನ್ನು ಮುಚ್ಚಿಡುವುದಿಲ್ಲ.

ಚಿಕ್ಕಪ್ಪನಿಗೆ ಫೋನ್ ಮಾಡಿದೆ, ನನ್ನ ಪರ ಮಾತಾಡುತ್ತಾರೆ ಅಂತ. ಅವರು ಬೇರೆಯೇ ತೆಗೆದರು. "ಫೆಡರರ್ ಎದುರು ಎಷ್ಟು ಗೆದ್ದಿದ್ದಾನಮ್ಮಾ?" ಅಂದರು. ಹದಿನೇಳು ಪಂದ್ಯ, ಹದಿನೇಳೂ ಸೋಲು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಇರಲೂ ಇಲ್ಲ. ನಡಾಲ್‌ನನ್ನು ಆರು ಸಲ ಸೋಲಿಸಿದ್ದಾನೆ, ಅದರಲ್ಲಿ ಎರಡು ಸ್ಲಾಮ್‌ಗಳಲ್ಲಿ. 2014ರಲ್ಲಿ ಮಾಂಟೆ ಕಾರ್ಲೊದ ಆವೆಮಣ್ಣಿನಲ್ಲೇ ಸೋಲಿಸಿದ, ಅಲ್ಲಿ ನಡಾಲ್ ಎಂಟು ಸಲ ಸತತ ಚಾಂಪಿಯನ್ ಆಗಿದ್ದವನು. ಹಾಗಿದ್ದೂ ಫೆಡರರ್ ಎದುರು ಒಂದೂ ಇಲ್ಲ. ಚಿಕ್ಕಪ್ಪ ಇನ್ನೊಂದೂ ಸೇರಿಸಿದರು: ಸ್ಲಾಮ್‌ಗಳ ಕೆಳಗಿನ ದರ್ಜೆಯ ದೊಡ್ಡ ಟೂರ್ನಿಗಳಾದ ಮಾಸ್ಟರ್ಸ್‌ಗಳಲ್ಲಿ ಅವನು ಗೆದ್ದದ್ದು ಒಂದೇ, 2012ರ ಪ್ಯಾರಿಸ್. ಫೈನಲ್‌ನಲ್ಲಿ ಎದುರಿದ್ದವನು ಅರ್ಹತಾ ಸುತ್ತಿನಿಂದ ಬಂದ ಜಾನೊವಿಚ್. ಮೇಲಿನ ನಾಲ್ವರಲ್ಲಿ ಒಬ್ಬರೂ ಇವನ ದಾರಿಗೆ ಬರಲಿಲ್ಲ. ಅದೂ ನಿಜವೇ. ಆದರೆ ಏಳು ಮಾಸ್ಟರ್ಸ್ ಫೈನಲ್ ಆಡಿದವನಿಗೆ ಉಳಿದ ಆರರಲ್ಲಿ ಎದುರಿದ್ದವರು ನಡಾಲ್, ಮರ್ರೆ, ಜೊಕೊವಿಚ್, ಫೆಡರರ್. ಈ ನಾಲ್ವರನ್ನು ಬಿಟ್ಟು ಐದನೆಯವನಿಲ್ಲ.

ಆ ಆರರಲ್ಲಿ ಒಂದು 2013ರ ಮಯಾಮಿಯದು, ಮರ್ರೆ ಎದುರು. ಅದನ್ನು ಇವತ್ತು ಮತ್ತೆ ನೋಡಿದೆ. ಮೂರನೇ ಸೆಟ್‌ನಲ್ಲಿ ಫೆರರ್ 6-5 ಮುಂದೆ, ಮರ್ರೆ ಸರ್ವ್, ಫೆರರ್‌ಗೆ ಮ್ಯಾಚ್ ಪಾಯಿಂಟ್. ರ್‍ಯಾಲಿ ನಡೆಯುತ್ತಿರುವಾಗ ಮರ್ರೆಯ ಫೋರ್‌ಹ್ಯಾಂಡ್ ಬೇಸ್‌ಲೈನ್ ಹತ್ತಿರ ಬಿತ್ತು. ಲೈನ್ ಅಂಪೈರ್ ಔಟ್ ಅನ್ನಲಿಲ್ಲ. ಫೆರರ್ ಆಟ ನಿಲ್ಲಿಸಿ ಚಾಲೆಂಜ್ ಕೇಳಿದ, ಅಂದರೆ ಚೆಂಡು ಬಿದ್ದ ಜಾಗವನ್ನು ಕ್ಯಾಮೆರಾದಲ್ಲಿ ಪರೀಕ್ಷಿಸಿ ಅಂದ. ಪರದೆ ಮೇಲೆ ಚೆಂಡಿನ ನೆರಳು ಗೆರೆಯ ಅಂಚನ್ನು ಕೂದಲೆಳೆಯಷ್ಟು ತಾಗಿತ್ತು. ಒಳಗೆ. ಪಾಯಿಂಟ್ ಹೋಯಿತು, ಗೇಮ್ ಹೋಯಿತು, ಟೈಬ್ರೇಕರ್ 7-1ರಲ್ಲಿ ಮರ್ರೆಯ ಪಾಲಾಯಿತು. ಇಡೀ ಜೀವಮಾನ ಪ್ರತಿ ಚೆಂಡಿನ ಹಿಂದೆ ಓಡಿದವನು ಆ ಒಂದು ಚೆಂಡಿಗೆ ನಿಂತುಬಿಟ್ಟ. ಹನ್ನೊಂದು ವರ್ಷವಾದರೂ ಅಲ್ಲಿಗೆ ಬಂದಾಗ ನನಗೆ ಗಂಟಲು ಕಟ್ಟುತ್ತದೆ.

ತಮ್ಮ ಅದನ್ನು ನೋಡಿ ಸುಮ್ಮನಿದ್ದ. ಆಮೇಲೆ ಲ್ಯಾಪ್‌ಟಾಪ್ ಎಳೆದುಕೊಂಡು, "ಸರಿ, ಯಾರಿಗೆ ಸೋತ ಅಂತಲೇ ಬರೆಯೋಣ" ಅಂದ. 2012ರ ಆಸ್ಟ್ರೇಲಿಯನ್ ಓಪನ್‌ನಿಂದ 2014ರ ಫ್ರೆಂಚ್ ಓಪನ್‌ವರೆಗೆ ಫೆರರ್ ಸತತ ಹತ್ತು ಸ್ಲಾಮ್‌ಗಳಲ್ಲಿ ಕ್ವಾರ್ಟರ್‌ಫೈನಲ್ ಆಡಿದ್ದಾನೆ. ಎರಡೂವರೆ ವರ್ಷ, ಹುಲ್ಲು, ಮಣ್ಣು, ಗಟ್ಟಿ ಅಂಕಣ, ಎಲ್ಲೂ ಮೊದಲ ವಾರ ಮನೆಗೆ ಹೋಗಿಲ್ಲ. 2013ರಲ್ಲಿ ಮೆಲ್ಬರ್ನ್‌ನಲ್ಲಿ, ಅಂದರೆ ಆಸ್ಟ್ರೇಲಿಯನ್ ಓಪನ್‌ನಲ್ಲಿ, ಅಲ್ಮಾಗ್ರೊ ಎರಡು ಸೆಟ್ ಮುಂದಿದ್ದು, ಪಂದ್ಯ ಮುಗಿಸಲು ಮೂರು ಸಲ ಸರ್ವ್ ಮಾಡಿದ. ಮೂರು ಸಲವೂ ಮುಗಿಸಲು ಬಿಡಲಿಲ್ಲ ಇವನು, ಐದು ಸೆಟ್‌ನಲ್ಲಿ ಗೆದ್ದ.

ಹತ್ತು ಸೋಲುಗಳನ್ನು ತಮ್ಮ ಒಂದರ ಕೆಳಗೆ ಒಂದು ಬರೆದ. ಜೊಕೊವಿಚ್‌ಗೆ ಮೂರು. ನಡಾಲ್‌ಗೆ ಮೂರು. ಮರ್ರೆಗೆ ಒಂದು. ಉಳಿದದ್ದು ಮೂರು: 2013ರ ವಿಂಬಲ್ಡನ್‌ನಲ್ಲಿ ಡೆಲ್ ಪೊಟ್ರೊ, ಅದೇ ವರ್ಷ ಅಮೆರಿಕ ಓಪನ್‌ನಲ್ಲಿ ಗ್ಯಾಸ್ಕೆ, 2014ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಬರ್ಡಿಕ್. ಇಬ್ಬರೂ ಆ ಮೂರು ಸಾಲನ್ನೇ ನೋಡುತ್ತಾ ಕೂತೆವು. ಡೆಲ್ ಪೊಟ್ರೊನನ್ನು ಗೆದ್ದಿದ್ದರೂ ಮುಂದೆ ಜೊಕೊವಿಚ್. ಗ್ಯಾಸ್ಕೆಯನ್ನು ಗೆದ್ದಿದ್ದರೂ ಮುಂದೆ ನಡಾಲ್. ಬರ್ಡಿಕ್‌ನನ್ನು ಗೆದ್ದಿದ್ದರೆ?

ವಾವ್ರಿಂಕಾ. ಅದುವರೆಗೆ ಒಂದು ಸ್ಲಾಮ್ ಫೈನಲ್ ಕೂಡ ಆಡದಿದ್ದ ವಾವ್ರಿಂಕಾ. ಜೊಕೊವಿಚ್‌ನನ್ನು ಐದನೇ ಸೆಟ್‌ನಲ್ಲಿ 9-7ರಿಂದ ಅವನೇ ಹೊರಗೆ ಹಾಕಿಯಾಗಿತ್ತು. ಫೈನಲ್‌ನಲ್ಲಿ ಬೆನ್ನು ಹಿಡಿದುಕೊಂಡು ಆಡಿದ ನಡಾಲ್. ಫೆರರ್ ಅಲ್ಲಿ ಮೂರನೇ ಶ್ರೇಯಾಂಕದವನು, ಬರ್ಡಿಕ್‌ಗೆ 6-1, 6-4, 2-6, 6-4ರಲ್ಲಿ ಸೋತು ಹೊರಟ. ವಾವ್ರಿಂಕಾ ಕಪ್ ಎತ್ತಿ ಮರುದಿನವೇ ಫೆರರ್ ಇದ್ದ ಆ ಮೂರನೇ ಜಾಗಕ್ಕೆ ಬಂದ.

ಇಷ್ಟು ವರ್ಷ ನಾನು ಮಯಾಮಿಯ ಆ ಚೆಂಡಿಗೇ ಸಂಕಟಪಟ್ಟೆ. ಅದು ಹೋಗಿದ್ದು ಒಂದು ಮಾಸ್ಟರ್ಸ್. ಬಾಗಿಲು ನಿಜವಾಗಿ ತೆರೆದಿದ್ದದ್ದು ಮೆಲ್ಬರ್ನ್‌ನಲ್ಲಿ, ಆ ಪಂದ್ಯವನ್ನು ನಾನು ಪೂರ್ತಿ ನೋಡಿಯೂ ಇರಲಿಲ್ಲ. ವಾವ್ರಿಂಕಾ ಎದುರು ಗೆಲ್ಲುತ್ತಿದ್ದನೋ ಇಲ್ಲವೋ ಬೇರೆ ಮಾತು. ಆದರೆ ಹತ್ತು ಸಲ ಬಾಗಿಲವರೆಗೆ ಹೋದವನಿಗೆ ಒಂದೇ ಒಂದು ಸಲ ಅದು ತೆರೆದಿತ್ತು, ಆ ದಿನ ಎದುರು ಬರ್ಡಿಕ್ ಚೆನ್ನಾಗಿ ಆಡಿದ.

ತಮ್ಮ ಸ್ಲಾಮ್ ಇದ್ದವರು ಇಲ್ಲದವರು ಅಂತ ಮಾಡಿದ್ದ ಎರಡು ಸಾಲನ್ನು ಅಳಿಸಲಿಲ್ಲ. ಪಕ್ಕದಲ್ಲಿ "ಸೋತಿದ್ದು ಯಾರಿಗೆ" ಅಂತ ಮೂರನೇ ಸಾಲು ಹಾಕಿದ. ಈಗ ಗೌಡಿಯೊಗೂ ಜೊಹಾನ್ಸನ್‌ಗೂ ಅದನ್ನು ತುಂಬುತ್ತಾ ಕೂತಿದ್ದಾನೆ. ನಾನು ಬರ್ಡಿಕ್ ಪಂದ್ಯ ಹುಡುಕಿ ಹಾಕಿದ್ದೇನೆ. ಮೊದಲ ಸೆಟ್ ಮುಗಿಯಿತು, 6-1. ಸಿನ್ನರ್ ಫೈನಲ್ ಶುರುವಾಗುವುದರೊಳಗೆ ಉಳಿದ ಮೂರೂ ಸೆಟ್ ನೋಡಬೇಕು.