ಮತ್ತೆ ರಿಮೋಟ್ ಕಾರ್ ರೇಸಿಗೆ: ಈ ಸಲ ವೇಗ ಹುಡುಕುವ ಕೆಲಸ ಇಲ್ಲ

ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ನನಗೆ ಹಿಡಿದ ಹುಚ್ಚು ಆರ್‌ಸಿ ಬಗ್ಗಿ ರೇಸ್. ಆಮೇಲೆ ಮನೆ, ಮಕ್ಕಳು, ಕೆಲಸ ಅಂತ ಬಿಟ್ಟೇಹೋಯಿತು. ಈಗ ಮಕ್ಕಳು ದೊಡ್ಡವರಾದರು, ಭಾನುವಾರ ಮತ್ತೆ ನನ್ನ ಕೈಗೆ ಬಂತು. ಅಟ್ಟದ ಮೇಲಿದ್ದ ಹಳೆಯ ಪೆಟ್ಟಿಗೆ ಇಳಿಸಿ ನೋಡಿದೆ. ಅದರಲ್ಲಿ ಇವತ್ತಿನ ರೇಸಿಗೆ ಉಪಯೋಗಕ್ಕೆ ಬರುವಂಥದ್ದು ಸ್ಕ್ರೂಡ್ರೈವರ್‌ಗಳು ಮಾತ್ರ.

ಊರಿನವರಿಗೆ ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ. ಇದು ರಿಮೋಟ್ ಕಾರೇ, ಆದರೆ ಮಕ್ಕಳ ಆಟಿಕೆ ಅಲ್ಲ. ನಾವು ಓಡಿಸುವುದು ನಿಜವಾದ ಕಾರಿನ ಹತ್ತನೇ ಒಂದರಷ್ಟು (1/10) ಅಳತೆಯ ಎಲೆಕ್ಟ್ರಿಕ್ ಬಗ್ಗಿ, ಅಂದರೆ ಮಣ್ಣು, ದಿಬ್ಬದ ಮೇಲೆ ಓಡುವ ನಮೂನೆಯ ಕಾರು. ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ, ತೂಕ ಒಂದೂವರೆ ಕಿಲೋ ಆಸುಪಾಸು. ಚಳಿಗಾಲದಲ್ಲಿ ಕ್ಲಬ್ಬಿನವರು ಯಾವುದಾದರೂ ಶಾಲೆಯ ಹಾಲ್ ಹಿಡಿದು, ಬೆಳಿಗ್ಗೆ ಕಾರ್ಪೆಟ್ ಸುರುಳಿ ಬಿಚ್ಚಿ ಹಾಸಿ, ಮರದ ಜಂಪ್‌ಗಳನ್ನು ಇಟ್ಟು ಟ್ರ್ಯಾಕ್ ಮಾಡುತ್ತಾರೆ. ಬೇಸಿಗೆಯಲ್ಲಿ ಹೊರಗೆ, ಆಸ್ಟ್ರೋಟರ್ಫ್ ಎನ್ನುವ ಕೃತಕ ಹುಲ್ಲಿನ ಮೇಲೆ. ಒಂದು ರೇಸ್ 5 ನಿಮಿಷ. ನಿಮ್ಮ ರೇಸ್ ಮುಗಿದ ಮೇಲೆ ಕಾರನ್ನು ಮೇಜಿನ ಮೇಲಿಟ್ಟು ಕೂರುವ ಹಾಗಿಲ್ಲ. ಮುಂದಿನ ರೇಸಿಗೆ ಮಾರ್ಷಲ್ ಆಗಿ ಟ್ರ್ಯಾಕಿನ ಅಂಚಲ್ಲಿ ನಿಂತು, ಮಗುಚಿದ ಕಾರುಗಳನ್ನು ಎತ್ತಿ ನಿಲ್ಲಿಸಬೇಕು. ಡಾಕ್ಟರಾದರೂ ಅಷ್ಟೇ, ಪ್ಲಂಬರಾದರೂ ಅಷ್ಟೇ.

ಆಗಿನ ಕಾಲಕ್ಕೆ ನಮ್ಮ ತಲೆಯಲ್ಲಿ ಇದ್ದದ್ದು ಒಂದೇ: ವೇಗ ಎಲ್ಲಿಂದ ತರುವುದು? ಮೋಟರ್ ಬ್ರಷ್ ಇರುವಂಥದ್ದು. ನಾಲ್ಕಾರು ರೇಸ್ ಆಗುವಷ್ಟರಲ್ಲಿ ಆ ಬ್ರಷ್ ಉಜ್ಜಿ ಕರೆಂಟ್ ಕೊಡುವ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರ್, ಕಪ್ಪಾಗಿ ಗೀರು ಬೀಳುತ್ತಿತ್ತು. ಅಂಗೈ ಅಗಲದ ಲೇತ್ ಮೇಲೆ ಕೂದಲೆಳೆಯಷ್ಟು ಕೆರೆದು ಹೊಸ ಬ್ರಷ್ ಹಾಕಬೇಕು. ಬ್ಯಾಟರಿ ಎಂದರೆ 1.2 ವೋಲ್ಟಿನ ಆರು ಸೆಲ್ ಬೆಸುಗೆ ಹಾಕಿದ 7.2 ವೋಲ್ಟ್ ಕಟ್ಟು. ಒಂದೇ ತೂಕದ ಜೋಡೆತ್ತು ಹುಡುಕಿದ ಹಾಗೆ, ಒಂದಕ್ಕೊಂದು ಸರಿಹೊಂದುವ ಸೆಲ್ ಆರಿಸಿ ಕೊಳ್ಳುತ್ತಿದ್ದೆವು. ಅಷ್ಟೆಲ್ಲ ಮಾಡಿದರೂ ಕೊನೆಯ ಸುತ್ತಿನಲ್ಲಿ ಕಾರು ಉಸಿರು ಬಿಡುತ್ತಿತ್ತು.

ಈಗ ಬ್ರಷ್ಷೇ ಇಲ್ಲದ ಬ್ರಷ್‌ಲೆಸ್ ಮೋಟರ್, ಎರಡು ಸೆಲ್ಲಿನ 7.4 ವೋಲ್ಟ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. ಮೋಟರಿಗೆ ಸೇವೆ ಎಂದರೆ ಬೇರಿಂಗಿಗೆ ಒಂದು ತೊಟ್ಟು ಎಣ್ಣೆ. ಐದು ನಿಮಿಷ ಮುಗಿದ ಮೇಲೂ ಬ್ಯಾಟರಿಯಲ್ಲಿ ಬೇಕಾದಷ್ಟು ಮಿಕ್ಕಿರುತ್ತದೆ. ವೇಗ ಯಾವ ಅಂಗಡಿಯಲ್ಲಾದರೂ ಡಬ್ಬಿಯಲ್ಲಿ ಸಿಗುತ್ತದೆ. ಹಾಗಾಗಿ ವಾಪಸ್ ಬರುವವನ ಲೆಕ್ಕ ಪೂರ್ತಿ ತಿರುಗುಮುರುಗು. ಎಷ್ಟು ವೇಗ ಬೇಕು ಅಂತ ಅಲ್ಲ, ಎಷ್ಟನ್ನು ನನ್ನ ಕೈ ತಾಳುತ್ತದೆ ಅಂತ ಯೋಚಿಸಿ ಸಾಮಾನು ಆರಿಸಬೇಕು.

ಅದಕ್ಕೂ ಮೊದಲು ನೆಲ. ನಾನು ಏನನ್ನೂ ಕೊಳ್ಳದೆ ಕ್ಲಬ್ಬಿಗೆ ಹೋಗಿ ಸುಮ್ನೆ ನೋಡುತ್ತಾ ನಿಂತೆ. ಹಳೆಯ ಬಗ್ಗಿಗಳಲ್ಲಿ ಮೋಟರ್ ಹಿಂದಿನ ಆಕ್ಸಲಿನ ಆಚೆ ನೇತಾಡುತ್ತಿತ್ತು. ಮಣ್ಣಿನ ಟ್ರ್ಯಾಕಿಗೆ ಅದು ಸರಿ. ಹಿಂದೆ ಭಾರ ಇದ್ದರೆ ಜಾರುವ ನೆಲದಲ್ಲಿ ಚಕ್ರ ಕಚ್ಚುತ್ತದೆ. ಕಾರ್ಪೆಟ್ ಮೇಲೆ ಹಿಡಿತ ಮೊದಲೇ ಜಾಸ್ತಿ. ಅಲ್ಲಿ ಮೋಟರ್ ಆಕ್ಸಲಿನ ಈಚೆ, ಅಂದರೆ ನಡುಭಾಗಕ್ಕೆ ಬಂದರೆ ಮುಂದಿನ ಚಕ್ರಗಳಿಗೂ ಭಾರ ಸಿಕ್ಕಿ ಕಾರು ಚೆನ್ನಾಗಿ ತಿರುಗುತ್ತದೆ. ನಮ್ಮ ಹಾಲ್‌ನಲ್ಲಿ ಮೇಜಿನಿಂದ ಮೇಜಿಗೆ ಹೋದರೂ ಎಲ್ಲ ಈ ನಮೂನೆಯವೇ.

ಟೈರ್ ವಿಷಯವಂತೂ ಇನ್ನೂ ಖಚಿತ. ಕಾರ್ಪೆಟ್ಟಿಗೂ ಆಸ್ಟ್ರೋಟರ್ಫಿಗೂ ಮಿನಿ ಪಿನ್ ಎನ್ನುವ ಟೈರ್ ನಡೆಯುತ್ತದೆ. ಮೈತುಂಬ ಒತ್ತೊತ್ತಾಗಿ ಸಣ್ಣ ರಬ್ಬರ್ ಮೊಳೆಗಳು. ಮುಂದಿನ ಚಕ್ರಗಳಿಗೆ ಬಹಳ ಜನ ಕಟ್ ಸ್ಟ್ಯಾಗರ್ ಎನ್ನುವ ಇನ್ನೊಂದು ನಮೂನೆಯ ಟೈರ್ ಹಾಕುತ್ತಾರೆ. ಮೊಳೆಗಳ ತುದಿ ದುಂಡಗಾಗಿದ್ದರೆ ಕಾರು ಎಷ್ಟೇ ಒಳ್ಳೆಯದಿರಲಿ, ತಿರುವಿನಲ್ಲಿ ಹಿಂಬದಿ ಕೊಚ್ಚಿಕೊಂಡು ಹೋಗುತ್ತದೆ. ಕೈಯಲ್ಲಿ ಕಾಸು ಕಮ್ಮಿ ಇದ್ದರೆ ಮೋಟರ್ ಹಳೆಯದು ಇರಲಿ, ಟೈರ್ ಹೊಸದು ಬರಲಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಕಾರು ಯಾವ ಕಂಪನಿಯದ್ದು ಅಂತ ಎಲ್ಲರೂ ಕೇಳುತ್ತಾರೆ. ಅಸೋಸಿಯೇಟೆಡ್, ಶುಮಾಕರ್, ಎಕ್ಸ್‌ರೇ, ಯೊಕೊಮೊ, ಎಲ್ಲವೂ ಚೆನ್ನಾಗಿಯೇ ಓಡುತ್ತವೆ. ನಮ್ಮ ಮಟ್ಟಕ್ಕೆ ಅವುಗಳ ನಡುವಿನ ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ಮುಂದಿನ ಚಕ್ರವನ್ನು ಹಿಡಿದಿರುವ ತೋಳು ಮುರಿದಾಗ. ಆ ಹೊತ್ತಿಗೆ ಪಕ್ಕದ ಮೇಜಿನವರ ಪೆಟ್ಟಿಗೆಯಲ್ಲಿ ಅದೇ ತೋಳು ಇದೆಯಾ ಇಲ್ವಾ, ಅಷ್ಟೇ ಪ್ರಶ್ನೆ. ಅದಕ್ಕೇ ಕ್ಲಬ್ಬಿನಲ್ಲಿ ಜಾಸ್ತಿ ಜನ ಯಾವುದನ್ನು ಓಡಿಸುತ್ತಾರೋ ಅದನ್ನೇ, ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಂಡೆ. ಸ್ಪ್ರಿಂಗ್ ಯಾವುದು, ಶಾಕ್ ಎಣ್ಣೆ ಎಷ್ಟು ಗಟ್ಟಿ ಅಂತ ಕೇಳಿದರೆ ಉತ್ತರ ಅಲ್ಲೇ ಸಿಗುತ್ತದೆ. ಕೊಳ್ಳುವಾಗ ಷಾಸಿಯ ಅಡಿಭಾಗದ ಗೀರಿಗೆ ಹೆದರಬೇಡಿ, ಅದು ಇದ್ದದ್ದೇ. ಚಕ್ರ ಹಿಡಿದು ಅಲ್ಲಾಡಿಸಿ ನೋಡಿ. ಸಡಿಲ ಇದ್ದರೆ ಬೇರಿಂಗೋ ಕೀಲಿನ ಬಾಲ್ ಕಪ್ಪೋ ಸವೆದಿದೆ ಎಂದರ್ಥ. ತಿರುವಿನಲ್ಲಿ ಎಡಬಲದ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫ್ (ಡಿಫರೆನ್ಶಿಯಲ್) ಬೆರಳಲ್ಲಿ ತಿರುಗಿಸಿದರೆ ಮರಳು ಸಿಕ್ಕಿದಂತೆ ಗರಗರ ಅನ್ನಬಾರದು.

ಮೋಟರಿಗೆ ಬಂದರೆ, ಟರ್ನ್, ಅಂದರೆ ಒಳಗಿನ ತಂತಿಯ ಸುತ್ತುಗಳ ಸಂಖ್ಯೆ, ಕಮ್ಮಿಯಾದಷ್ಟೂ ವೇಗ ಜಾಸ್ತಿ. ನಮ್ಮಲ್ಲಿ ಪಳಗಿದವರು ಟೂವೀಲ್ ಡ್ರೈವಿನಲ್ಲಿ 7.5 ಟರ್ನ್ ಹಾಕುತ್ತಾರೆ. ನಾನು 10.5ಕ್ಕೆ ನಿಂತೆ. ಅದೂ ರಿಮೋಟಿನಲ್ಲಿ ಥ್ರಾಟಲ್‌ನ ಮೇಲ್ಮಿತಿ ಇಳಿಸಿ. ಸೆನ್ಸರ್ ಇರುವ ಮೋಟರ್ ಮತ್ತು ಅದಕ್ಕೆ ಹೊಂದುವ, ಬ್ಯಾಟರಿಯಿಂದ ಮೋಟರಿಗೆ ಕರೆಂಟ್ ಅಳೆದು ಕೊಡುವ ಸ್ಪೀಡ್ ಕಂಟ್ರೋಲರ್ ತೆಗೆದುಕೊಳ್ಳಿ. ಇಲ್ಲದಿದ್ದರೆ ನಿಧಾನಕ್ಕೆ ಹೊರಡುವಾಗ ಕಾರು ತಡವರಿಸುತ್ತದೆ.

ಒಂದು ಹಳೆಯ ಉಪಾಯ ಮಾತ್ರ ಇನ್ನೂ ಹಾಗೇ ಉಳಿದಿದೆ. ಮೋಟರಿನ ಸಣ್ಣ ಗಿಯರ್ ಪಿನಿಯನ್ ಮತ್ತು ಅದು ತಿರುಗಿಸುವ ದೊಡ್ಡ ಸ್ಪರ್ ಗಿಯರಿನ ನಡುವೆ ತೆಳು ಕಾಗದದ ಪಟ್ಟಿ ಇಟ್ಟು, ಮೋಟರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡುವುದು. ಆಮೇಲೆ ಗಿಯರ್ ತಿರುಗಿಸಿ ಕಾಗದ ಹೊರಗೆ ತೆಗೆದರೆ ಅದು ಬಟ್ಟೆಯ ನೆರಿಗೆಯಂತೆ ಮಡಿಚಿಕೊಂಡಿರಬೇಕು, ಹರಿದಿರಬಾರದು. ಹರಿದಿದ್ದರೆ ಬಿಗಿ ಜಾಸ್ತಿ, ಮೋಟರ್ ಬಿಸಿಯಾಗುತ್ತದೆ. ಕಾಗದ ಸಲೀಸಾಗಿ ಜಾರಿ ಬಂದರೆ ಸಡಿಲ, ಪ್ಲಾಸ್ಟಿಕ್ ಸ್ಪರ್ ಹಲ್ಲು ಉದುರಿಸಿಕೊಳ್ಳುತ್ತದೆ.

ಕಾರು ಬದಲಾಗುತ್ತಾ ಇರುತ್ತದೆ. ರಿಮೋಟ್ ಮತ್ತು ಚಾರ್ಜರ್ ಹತ್ತಾರು ವರ್ಷ ಜೊತೆಗಿರುತ್ತವೆ. ಹೊಸದು, ಒಳ್ಳೆಯದು ಅಂತ ನಾನು ಖರ್ಚು ಮಾಡಿದ್ದು ಈ ಎರಡಕ್ಕೇ. ಹಿಂದೆ 27 ಮೆಗಾಹರ್ಟ್ಸ್ ರಿಮೋಟಿಗೆ ಚಾನೆಲ್ ಗೊತ್ತುಮಾಡುವ ಕ್ರಿಸ್ಟಲ್ ಜೋಡಿ ಬೇಕಿತ್ತು. ಒಂದೇ ಚಾನೆಲ್ಲಿನಲ್ಲಿ ಇಬ್ಬರು ಆನ್ ಮಾಡಿದರೆ ಯಾರ ಕಾರು ಯಾವ ಗೋಡೆಗೆ ಹೋಗುತ್ತದೋ ದೇವರೇ ಬಲ್ಲ. ಈಗ 2.4 ಗಿಗಾಹರ್ಟ್ಸ್, ಆ ಗಲಾಟೆ ಇಲ್ಲ. ಅಂಗಡಿಯಲ್ಲಿ ಗುಂಡಿಗಳನ್ನು ಎಣಿಸುವ ಬದಲು ಹಿಡಿದು ನೋಡಿ, ಹೆಬ್ಬೆರಳು ಬೆರಳು ಸರಿಯಾಗಿ ಕೂರುತ್ತವಾ ಅಂತ. ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಹಳೆಯ ಸರ್ವೊ ಮೋಟರ್ ಉಳಿಸಿಕೊಳ್ಳುವ ಆಸೆಯಿದ್ದರೆ ಎಚ್ಚರ. ಇವತ್ತಿನ ಕೆಲವು ಸ್ಪೀಡ್ ಕಂಟ್ರೋಲರ್‌ಗಳು ಸರ್ವೊಗೆ 7.4 ವೋಲ್ಟ್ ತನಕ ಕೊಡುತ್ತವೆ. 6 ವೋಲ್ಟಿಗೆ ಮಾಡಿದ ಹಳೆಯ ಸರ್ವೊ ಅದನ್ನು ತಾಳುವುದಿಲ್ಲ.

ಚಾರ್ಜರ್ ವಿಷಯದಲ್ಲಿ ಉಳಿತಾಯ ಬೇಡವೇ ಬೇಡ. ನಿಕಲ್ ಬ್ಯಾಟರಿಯ ಹಳೆಯ ಚಾರ್ಜರಿಗೆ ಲಿಪೊ ಸಿಕ್ಕಿಸಿದರೆ ಬೆಂಕಿ ಹತ್ತಬಹುದು, ತಮಾಷೆಯಲ್ಲ. ಎರಡು ಸೆಲ್ಲನ್ನೂ ಸಮ ಮಾಡುವ ಬ್ಯಾಲೆನ್ಸ್ ಚಾರ್ಜರ್ ಬೇಕು. ಪೂರ್ತಿ ತುಂಬಿದಾಗ 8.4 ವೋಲ್ಟ್, ಅದಕ್ಕಿಂತ ಮೇಲೆ ಹೋಗಬಾರದು. 5000 ಮಿಲಿಆಂಪ್ ಅವರ್ ಬ್ಯಾಟರಿಗೆ 5 ಆಂಪಿಯರ್‌ನಲ್ಲಿ ಚಾರ್ಜ್ ಮಾಡಿದರೆ ಕ್ಷೇಮ. ವಾರವೆಲ್ಲ ಇಡುವುದಾದರೆ ಸೆಲ್ಲಿಗೆ 3.8 ವೋಲ್ಟ್ ಆಸುಪಾಸಿಗೆ ಇಳಿಸಿಡಬೇಕು. ಚಾರ್ಜ್ ಆಗುವಾಗ ಬ್ಯಾಟರಿ ಬೆಂಕಿ ತಡೆಯುವ ಚೀಲದೊಳಗೇ ಇರಬೇಕು, ಬಿಟ್ಟು ಕಾಫಿಗೆ ಹೋಗುವಂತಿಲ್ಲ. ಇಲ್ಲಿನ ಬ್ರಿಟಿಷ್ ರೇಡಿಯೊ ಕಾರ್ ಅಸೋಸಿಯೇಷನ್ ಯಾವ ಬ್ಯಾಟರಿ ರೇಸಿಗೆ ಆಗುತ್ತದೆ ಅಂತ ಪಟ್ಟಿಯನ್ನೇ ಇಟ್ಟಿದೆ. ಅದರ ಸದಸ್ಯರಾದರೆ ವಿಮೆಯೂ ಸಿಗುತ್ತದೆ. ಒಂದೂವರೆ ಕಿಲೋ ಕಾರು ಯಾರದ್ದಾದರೂ ಕಾಲಿಗೆ ಬಡಿದಾಗ ಅದರ ಬೆಲೆ ಗೊತ್ತಾಗುತ್ತದೆ.

ನನ್ನ ವಯಸ್ಸಿನವರನ್ನು ಕಾಡುವ ಇನ್ನೊಂದು ಮೋಹ ಟಮಿಯಾ ಹಾರ್ನೆಟ್. 1984ರ ಕಾರು, 2004ರಲ್ಲಿ ಮತ್ತೆ ಮಾರುಕಟ್ಟೆಗೆ ಬಂತು. ಡಬ್ಬಿಯ ಮೇಲಿನ ಚಿತ್ರ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಕೊಂಡು ಶೋಕೇಸಿನಲ್ಲಿಡಿ, ಪಾರ್ಕಿನಲ್ಲಿ ಓಡಿಸಿ. ಹೊಸ ಕಾರುಗಳ ಜೊತೆ ರೇಸಿಗೆ ತಂದರೆ ಮೊದಲ ಜಂಪಿನಲ್ಲೇ ಚೆಂಡಿನಂತೆ ಪುಟಿಯುತ್ತದೆ, ಪಾಪ. ಟೈಟಾನಿಯಂ ಸ್ಕ್ರೂ, ಬಣ್ಣದ ಅಲ್ಯೂಮಿನಿಯಂ ತುಣುಕುಗಳೂ ಕಾಯಬಹುದು. ಆ ದುಡ್ಡಿಗೆ ಎರಡು ಜೊತೆ ಮುಂದಿನ ತೋಳು, ಒಂದು ಸ್ಪರ್ ಗಿಯರ್, ಮತ್ತು ಸುತ್ತು ಎಣಿಸುವ ನಿಮ್ಮದೇ ಟ್ರಾನ್ಸ್‌ಪಾಂಡರ್ ಬರುತ್ತದೆ.

ಇನ್ನು ಉಳಿದದ್ದು ಫೋರ್‌ವೀಲ್ ಡ್ರೈವ್. ಅದು ಓಡಿಸಲು ಸುಲಭ, ಥ್ರಾಟಲ್ ಒರಟಾಗಿ ಒತ್ತಿದರೂ ಕ್ಷಮಿಸುತ್ತದೆ. ಆದರೆ ಡಿಫ್, ಶಾಫ್ಟ್, ಬೇರಿಂಗ್ ಎಲ್ಲ ಜಾಸ್ತಿ, ಬಿಚ್ಚಿ ತೊಳೆಯುವ ಕೆಲಸವೂ ಜಾಸ್ತಿ. ಥ್ರಾಟಲ್ ಬೆರಳು ಮತ್ತೆ ಹದಕ್ಕೆ ಬರಬೇಕಾದರೆ ಟೂವೀಲೇ ಸರಿ ಅಂತ ನನ್ನ ಲೆಕ್ಕ. ಪಕ್ಕದ ಮೇಜಿನವರೊಬ್ಬರು ತಮ್ಮ ಫೋರ್‌ವೀಲ್ ಮಾರುತ್ತಿದ್ದಾರೆ, ಬಿಡಿಭಾಗಗಳ ಡಬ್ಬಿಯ ಸಮೇತ. ಮುಂದಿನ ಚಳಿಗಾಲದ ತನಕ ಆ ಮಾತು ಎತ್ತಬಾರದು ಅಂತ ನಮ್ಮ ಮನೆಯಲ್ಲಿ ಒಪ್ಪಂದ ಆಗಿದೆ.